ಹತ್ತು ಬೆರಳೂ ಒತ್ತಿದ್ದೇನೆ, ಇನ್ನಾದರೂ ಚೆಂಡು ಕೊಡಿ

ಅಮೆರಿಕದಲ್ಲಿ ಒಂಬತ್ತು ವರ್ಷದ ಮಕ್ಕಳಿಗೆ ಚೆಂಡು ಒದೆಯುವುದನ್ನು ಹೇಳಿಕೊಡಬೇಕೆ? ಮೊದಲು ನೀವು ಅಪರಾಧಿಯಲ್ಲ ಎಂದು ಸಾಬೀತು ಮಾಡಿ. ಆಮೇಲೆ ತಲೆಗೆ ಪೆಟ್ಟು ಬಿದ್ದ ಮಗುವಿನ ಲಕ್ಷಣಗಳನ್ನು ಬಾಯಿಪಾಠ ಮಾಡಿ. ಎದೆಬಡಿತ ನಿಂತರೆ ಏನು ಮಾಡಬೇಕೆಂದು ವೀಡಿಯೊ ನೋಡಿ. ಕಂತೆಗಟ್ಟಲೆ ಮುಚ್ಚಳಿಕೆಗೆ ಸಹಿ ಹಾಕಿ.

ಚೆಂಡು ಒದೆಯಲು ಬರುತ್ತದೆಯೇ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ನನ್ನನ್ನೂ ಕೇಳಲಿಲ್ಲ. ಸಾಂಟಾ ಕ್ಲಾರಾ ಕಣಿವೆಯಲ್ಲಿರುವ ನಮ್ಮ ಬಡಾವಣೆಯ ಮಕ್ಕಳ ಲೀಗಿಗೆ ಬೇಕಾಗಿದ್ದುದು ಒಂದು ದೇಹ. ‘ಕೋಚ್’ ಎಂದು ಬರೆದ ಟೀ ಶರ್ಟು ತೊಟ್ಟು ಬಿಸಿಲಲ್ಲಿ ನಿಲ್ಲುವ ದೇಹ. ಉಳಿದದ್ದನ್ನು ಕೂಗಿ ಕೂಗಿ ಹೇಳಿಕೊಡಲು ಪೋಷಕರು ತಯಾರಿದ್ದಾರೆ.

ಆ ದೇಹವನ್ನು ಹಿಡಿಯುವ ವಿಧಾನವೂ ಸೊಗಸಾಗಿದೆ. ಬೇಸಿಗೆ ರಜೆಯಲ್ಲಿ ಒಂದು ಇಮೇಲ್ ಬರುತ್ತದೆ. ನಿಮ್ಮ ಮಗುವಿನ ತಂಡಕ್ಕೆ ಕೋಚ್ ಸಿಕ್ಕಿಲ್ಲ, ಶುಕ್ರವಾರದೊಳಗೆ ಪೋಷಕರಲ್ಲಿ ಯಾರಾದರೂ ಮುಂದೆ ಬಾರದಿದ್ದರೆ ತಂಡ ರದ್ದು. ಫೀಸು ಮಾತ್ರ ಆಗಲೇ ಕಟ್ಟಿಸಿಕೊಂಡಾಗಿದೆ. ಹೀಗೆ ಕುತ್ತಿಗೆಗೆ ಬಂದಾಗ ಎತ್ತಿದ ಕೈಗೆ ಇಲ್ಲಿ ಸ್ವಯಂಸೇವೆ ಎಂದು ಹೆಸರು. ಸೀಸನ್ ಮುಗಿದ ಮೇಲೆ ಅದಕ್ಕೊಂದು ಪ್ರಶಸ್ತಿಪತ್ರವೂ ಉಂಟು.

ನಮ್ಮ ತಂಡದ ಪೋಷಕರು ಸಾಮಾನ್ಯರಲ್ಲ. ಡೈರೆಕ್ಟರುಗಳು. ಆರ್ಕಿಟೆಕ್ಟುಗಳು. ಜನರನ್ನು ಮುನ್ನಡೆಸುವುದು ಹೇಗೆಂದು ಲಿಂಕ್ಡ್‌ಇನ್‌ನಲ್ಲಿ ವಾರಕ್ಕೆರಡು ಪ್ರವಚನ ಮಾಡುವವರು. ಇಮೇಲ್ ಬಂದ ದಿನ ಎಲ್ಲರೂ ಮೌನವ್ರತ ಹಿಡಿದರು. ಅದೇ ವಾರ ಪಂದ್ಯದ ನಂತರ ಯಾರು ತಿಂಡಿ ತರಬೇಕೆಂಬ ಪಟ್ಟಿಯನ್ನು ಹರಿಯಬಿಟ್ಟರು. ಸಂಜೆಯೊಳಗೆ ಭರ್ತಿ. ಕಡಲೆಕಾಯಿ ಇರಕೂಡದು, ಗೋಡಂಬಿ ಇರಕೂಡದು, ಬಣ್ಣ ಹಾಕಿದ ಜ್ಯೂಸ್ ಇರಕೂಡದು ಎಂದು ಚರ್ಚೆ ಬೇರೆ. ಕಡೆಗೆ ತರುವುದು ಡೋನಟ್ ಎಂಬುದು ಎಲ್ಲರಿಗೂ ಗೊತ್ತು.

ಹಿಂದೆ ಹೀಗಿರಲಿಲ್ಲ ಎಂದು ಹೇಳಲು ನಾನೇನೂ ಹಳೆಯ ಕಾಲದ ಭಕ್ತನಲ್ಲ. ಆದರೂ ಒಂದು ಮಾತು ಹೇಳಬೇಕು. 1964ರಲ್ಲಿ ಕ್ಯಾಲಿಫೋರ್ನಿಯಾದ ಟಾರೆನ್ಸ್ ಊರಿನಲ್ಲಿ ಕೆಲವರು ಸೇರಿ ಒಂಬತ್ತು ತಂಡ ಕಟ್ಟಿ ಮಕ್ಕಳ ಲೀಗೊಂದನ್ನು ಶುರುಮಾಡಿದರು. ಅಮೆರಿಕನ್ ಯೂತ್ ಸಾಕರ್ ಆರ್ಗನೈಸೇಶನ್ ಎಂದು ಅದರ ಹೆಸರು. ಈಗಿನ ಇಂಥ ಎಷ್ಟೋ ಲೀಗುಗಳು ನಕಲು ಮಾಡುವುದು ಅದರ ನಿಯಮವನ್ನೇ. ಎಲ್ಲರೂ ಆಡಬೇಕು. ಪ್ರತಿ ಮಗುವೂ ಪ್ರತಿ ಪಂದ್ಯದಲ್ಲಿ ಕನಿಷ್ಠ ಅರ್ಧ ಹೊತ್ತು ಮೈದಾನದಲ್ಲಿರಬೇಕು. ಚೆನ್ನಾಗಿ ಆಡುವವರನ್ನೆಲ್ಲ ಒಂದೇ ತಂಡಕ್ಕೆ ತುಂಬಬಾರದು, ಹಂಚಬೇಕು. ಎಷ್ಟು ಒಳ್ಳೆಯ ಯೋಚನೆ! ಇದನ್ನು ಕೆಡಿಸಲು ಇಷ್ಟೊಂದು ವಿದ್ಯಾವಂತರು ಬೇಕಾಯಿತು.

ಕೆಡಿಸುವುದು ಬಹಳ ಸುಲಭ. ಮಗು ಎರಡು ಗೋಲು ಹೊಡೆಯಲಿ, ಸಾಕು. ಮೂರನೆಯ ವಾರ ಅಪ್ಪನ ಫೋನಿಗೆ ಕ್ಲಬ್ಬಿನವರ ಮೆಸೇಜು. ಅಲ್ಲಿ ಸಂಬಳದ ಕೋಚ್. ಮೂರು ಜೊತೆ ಸಮವಸ್ತ್ರ. ಊರೂರು ಟೂರ್ನಮೆಂಟು, ಅಲ್ಲಿ ಅವರು ಹೇಳಿದ ಹೋಟೆಲಿನಲ್ಲೇ ರೂಮು. ವರ್ಷಕ್ಕೆ ಸಾವಿರಗಟ್ಟಲೆ ಡಾಲರ್. ಆಸ್ಪೆನ್ ಇನ್‌ಸ್ಟಿಟ್ಯೂಟಿನವರು 2024ರ ಲೆಕ್ಕ ತೆಗೆದಿದ್ದಾರೆ. ಅಮೆರಿಕದ ಕುಟುಂಬವೊಂದು ಒಂದು ಮಗುವಿನ ಮುಖ್ಯ ಆಟಕ್ಕೆಂದು ಸರಾಸರಿ 1,016 ಡಾಲರ್ ಸುರಿಯುತ್ತದೆ. 2019ಕ್ಕೆ ಹೋಲಿಸಿದರೆ ಶೇ 46ರಷ್ಟು ಏರಿಕೆ. ಇದು ಸರಾಸರಿ. ನಮ್ಮ ಕಣಿವೆಯ ಅಪ್ಪಂದಿರು ಸರಾಸರಿ ಎಂದರೆ ಅವಮಾನ ಎಂದುಕೊಳ್ಳುವ ಜಾತಿ.

ಎಲ್ಲರೂ ಆಡಬೇಕು. ನಿಜ. ಚೆಕ್ಕು ಪಾಸಾಗುವವರೆಗೆ.

ಇಷ್ಟು ದುಡ್ಡು ಸುರಿದು ಬೆಳೆದದ್ದೇನು? 2017ರ ಅಕ್ಟೋಬರ್ 10ರಂದು ಅಮೆರಿಕದ ಗಂಡಸರ ತಂಡ ಟ್ರಿನಿಡಾಡ್ ಮತ್ತು ಟೊಬೇಗೊ ಎದುರು 2-1ರಿಂದ ಸೋತಿತು. ಮುಂದಿನ ವರ್ಷದ ವಿಶ್ವಕಪ್ಪಿನಿಂದ ಹೊರಗೆ. ಆ ದ್ವೀಪಗಳ ಒಟ್ಟು ಜನಸಂಖ್ಯೆ ನಮ್ಮ ಮೈಸೂರು ಜಿಲ್ಲೆಯ ಅರ್ಧವೂ ಇಲ್ಲ. ಇಲ್ಲಿನ ಹೆಂಗಸರ ತಂಡ ಮಾತ್ರ ನಾಲ್ಕು ಸಲ ವಿಶ್ವಕಪ್ ಗೆದ್ದಿದೆ. ಅದರ ಹಿಂದೆ 1972ರ ಕಾನೂನೊಂದಿದೆ. ಸರ್ಕಾರದ ದುಡ್ಡು ತಿನ್ನುವ ಶಾಲೆ ಕಾಲೇಜುಗಳು ಹುಡುಗಿಯರಿಗೂ ಸಮನಾದ ಅವಕಾಶ ಕೊಡಲೇಬೇಕೆಂದು ಬಾಯಿಗೆ ಹಾಕಿದ ಕಡಿವಾಣ ಅದು. ಅಪ್ಪಂದಿರ ಕಿರುಚಾಟದಿಂದ ಆ ಕಪ್ಪುಗಳು ಬಂದವು ಎಂದು ಯಾರಾದರೂ ನಂಬಿದ್ದರೆ ಅವರಿಗೊಂದು ನಮಸ್ಕಾರ.

ಇನ್ನು ಬೆರಳಿನ ಕಥೆ. ಕ್ಯಾಲಿಫೋರ್ನಿಯಾದಲ್ಲಿ 2022ರ ಜನವರಿ 1ರಿಂದ ಹೊಸ ಕಾನೂನು. ಮಕ್ಕಳ ಸಂಸ್ಥೆಯಲ್ಲಿ ತಿಂಗಳಿಗೆ 16 ಗಂಟೆಗಿಂತ ಹೆಚ್ಚು, ಇಲ್ಲವೇ ವರ್ಷಕ್ಕೆ 32 ಗಂಟೆಗಿಂತ ಹೆಚ್ಚು ಕೆಲಸ ಮಾಡುವ ಸ್ವಯಂಸೇವಕರೂ ಬೆರಳಚ್ಚು ಕೊಡಬೇಕು. ಮಕ್ಕಳ ಮೇಲಿನ ದೌರ್ಜನ್ಯವನ್ನು ಗುರುತಿಸಿ ವರದಿ ಮಾಡುವ ತರಬೇತಿಯನ್ನೂ ಮುಗಿಸಬೇಕು. ಬೆರಳೊತ್ತುವ ಜಾಗ ಪಾರ್ಸೆಲ್ ಕಳಿಸುವ ಅಂಗಡಿ. ಮುಂದೆ ಒಬ್ಬ ವಾಪಸ್ ಮಾಡುವ ಬೂಟಿನ ಡಬ್ಬ ಹಿಡಿದು ನಿಂತಿದ್ದ. ಹಿಂದೆ ಒಬ್ಬಾಕೆ ಪಾಸ್‌ಪೋರ್ಟ್ ಫೋಟೊಗೆ ಕಾಯುತ್ತಿದ್ದಳು. ನಡುವೆ ನಾನು.

ಕೌಂಟರಿನ ಹುಡುಗಿ ನನ್ನ ಬೆರಳನ್ನು ಹಿಡಿದು ಗಾಜಿನ ಮೇಲೆ ಹೊರಳಿಸಿದಳು. ಪರದೆಯಲ್ಲಿ ಕೆಂಪು ಗುರುತು. ಮತ್ತೆ ಹೊರಳಿಸಿದಳು. ಮತ್ತೆ ಕೆಂಪು. ನಿಮ್ಮ ಗೆರೆಗಳು ಸವೆದಿವೆ, ಕಂಪ್ಯೂಟರ್ ಕೆಲಸವೇ ಎಂದು ಕೇಳಿದಳು. ಲೋಷನ್ ಕೊಟ್ಟಳು, ಉಜ್ಜಿಕೊಂಡೆ. ಬಲಗೈ ಹೆಬ್ಬೆರಳು ಕಡೆಯವರೆಗೂ ಹಟ ಬಿಡಲಿಲ್ಲ. ವೀಸಾಕ್ಕೆ ಒತ್ತಿದ ಬೆರಳು. ವಿಮಾನ ನಿಲ್ದಾಣದಲ್ಲಿ ಪ್ರತಿ ಸಲ ಒತ್ತಿದ ಬೆರಳು. ಗ್ರೀನ್ ಕಾರ್ಡಿಗೆ ಒತ್ತಿದ ಬೆರಳು. ಈ ದೇಶದ ಯಾವ ಇಲಾಖೆಯಲ್ಲಿ ನನ್ನ ಹೆಬ್ಬೆರಳಿಲ್ಲ? ಆದರೆ ಒಂದು ಇಲಾಖೆಯ ಹೆಬ್ಬೆರಳು ಇನ್ನೊಂದು ಇಲಾಖೆಗೆ ಮೈಲಿಗೆ.

ಗೊಣಗಿದೆ ಅಂದಮಾತ್ರಕ್ಕೆ ಈ ತಪಾಸಣೆ ಬೇಡ ಎನ್ನುವವನಲ್ಲ ನಾನು. ಬೇಕು. ಹತ್ತು ಬೆರಳು ಸಾಲದಿದ್ದರೆ ಕಾಲಿನವೂ ತಗೊಳ್ಳಲಿ. ಜಿಮ್ನಾಸ್ಟಿಕ್ಸ್ ತಂಡದ ವೈದ್ಯ ಲ್ಯಾರಿ ನಾಸರ್‌ಗೆ ಶಿಕ್ಷೆಯಾದ 2018ರಲ್ಲಿ ಮಿಷಿಗನ್ನಿನ ಕೋರ್ಟಿನಲ್ಲಿ 150ಕ್ಕೂ ಹೆಚ್ಚು ಹೆಣ್ಣುಮಕ್ಕಳ ಮಾತು ಕೇಳಿಬಂತು. ಅವರಲ್ಲಿ ಕೆಲವರು ವರ್ಷಗಳ ಹಿಂದೆಯೇ ದೊಡ್ಡವರ ಬಳಿ ಹೇಳಿದ್ದರು. ದೊಡ್ಡವರು ಕೇಳಿಸಿಕೊಂಡಿರಲಿಲ್ಲ. ಆಮೇಲೆ ಕಾನೂನು ಬಂತು, ತರಬೇತಿ ಬಂತು.

ಆಮೇಲೇನಾಯಿತು ಎಂದು ಕೇಳಿ. 2022ರ ಅಕ್ಟೋಬರಿನಲ್ಲಿ ವಕೀಲೆ ಸ್ಯಾಲಿ ಯೇಟ್ಸ್ ಅವರ ವರದಿ ಹೊರಬಿತ್ತು. ಅಮೆರಿಕದ ಫುಟ್‌ಬಾಲ್ ಸಂಸ್ಥೆ ತಾನೇ ಬರೆಸಿದ ವರದಿ ಅದು. ಹೆಂಗಸರ ವೃತ್ತಿಪರ ಲೀಗಿನಲ್ಲಿ ಕೋಚ್‌ಗಳ ದೌರ್ಜನ್ಯ ವ್ಯವಸ್ಥೆಯ ಭಾಗವೇ ಆಗಿಹೋಗಿತ್ತು ಎಂದಿತು. ಅದರ ಬೇರು ಮಕ್ಕಳ ಫುಟ್‌ಬಾಲಿನಲ್ಲೇ ಇದೆ ಎಂದಿತು. ದೂರು ಬಂದ ಕೋಚ್ ಒಂದು ತಂಡ ಬಿಟ್ಟು ಇನ್ನೊಂದು ತಂಡಕ್ಕೆ ಹೋಗುತ್ತಿದ್ದ. ಬಿಟ್ಟ ತಂಡದವರು ಥ್ಯಾಂಕ್ಸ್ ಹೇಳಿ ಕಳಿಸುತ್ತಿದ್ದರು. ಇವರ ಹತ್ತಿರ ಸರ್ಟಿಫಿಕೇಟಿಗೇನೂ ಬರ ಇರಲಿಲ್ಲ.

ಮೇಲಿದ್ದವರು ಕಣ್ಣು ಮುಚ್ಚಿಕೊಂಡರು. ಕೆಳಗಿದ್ದವರಿಂದ ಬೆರಳು ಒತ್ತಿಸಿಕೊಂಡರು.

ಕ್ಯಾಲಿಫೋರ್ನಿಯಾದ ಅದೇ ಬೆರಳಚ್ಚಿನ ಕಾನೂನಿನಲ್ಲಿ ಇನ್ನೊಂದು ಮಾತಿದೆ. ಸಾಧ್ಯವಾದ ಮಟ್ಟಿಗೆ ಮಕ್ಕಳ ಜೊತೆ ತರಬೇತಿ ಪಡೆದ ಇಬ್ಬರು ದೊಡ್ಡವರಿರಬೇಕು. ಸರಿ, ಆ ಇನ್ನೊಬ್ಬರು ಯಾರು? ಹೋದ ಸೀಸನ್ನಿನಲ್ಲಿ ನೋಡಿದ್ದೇನಲ್ಲ. ಕಾರು ಪೂರ್ತಿ ನಿಲ್ಲುವ ಮೊದಲೇ ಮಗು ಕೆಳಗಿಳಿದಿರುತ್ತದೆ. ಅಪ್ಪ ಅಲ್ಲೇ ಪಾರ್ಕಿಂಗಿನಲ್ಲಿ, ಎ.ಸಿ. ಹಾಕಿಕೊಂಡು, ಇನ್ನೊಂದು ಮೀಟಿಂಗಿನಲ್ಲಿ. ಮೈದಾನಕ್ಕೂ ಅವನಿಗೂ ಇಪ್ಪತ್ತು ಗಜ. ಮಕ್ಕಳ ಸುರಕ್ಷತೆ ನಮ್ಮ ಮೊದಲ ಆದ್ಯತೆ ಎಂಬ ಫಾರಂಗೆ ಸಹಿ ಹಾಕಿದವನೂ ಅವನೇ. ಒಮ್ಮೆ ಹಳೆಯ ಕೋಚ್ ಕತ್ತಲಾದ ಮೇಲೂ ಇಬ್ಬರು ಮಕ್ಕಳ ಜೊತೆ ಮೈದಾನದ ಗೇಟಿನಲ್ಲಿ ನಿಂತಿದ್ದರು. ಬಂದ ಅಪ್ಪ ಕಿಟಕಿ ಇಳಿಸಿ ಕೇಳಿದ್ದು ಒಂದೇ ಪ್ರಶ್ನೆ. ಇವತ್ತು ಪ್ರಾಕ್ಟೀಸ್ ಬೇಗ ಮುಗೀತಾ?

ಆ ಕೋಚ್ ಈ ವರ್ಷ ಬಂದಿಲ್ಲ. ಏಕೆಂದು ಲೀಗಿನವರಿಗೆ ಅರ್ಥವಾಗಿಲ್ಲವಂತೆ.

ಆನ್‌ಲೈನ್ ಪಾಠಗಳಿಗೆ ಬರೋಣ. ದೌರ್ಜನ್ಯ ತಡೆಯುವ ಪಾಠ ಒಂದೂವರೆ ಗಂಟೆ. ಧ್ವನಿ ಮುಗಿಯುವವರೆಗೆ ‘ಮುಂದೆ’ ಎಂಬ ಗುಂಡಿ ಬೂದು ಬಣ್ಣದಲ್ಲಿ ಕುಳಿತಿರುತ್ತದೆ. ಇದನ್ನು ಶ್ರದ್ಧೆಯಿಂದ ನೋಡಬೇಕು. ಆದರೆ ನಮ್ಮ ಜನ ನೋಡುವ ಕ್ರಮ ಬೇರೆ. ಒಂದು ಪರದೆಯಲ್ಲಿ ಆಫೀಸಿನ ಮೀಟಿಂಗು, ಇನ್ನೊಂದರಲ್ಲಿ ಪಾಠ, ಎರಡೂ ಮ್ಯೂಟ್. ಸರ್ಟಿಫಿಕೇಟು ಬಂದೇ ಬರುತ್ತದೆ. ಕೇಳಿದರೆ, “ಫಾರ್ಮ್ಯಾಲಿಟಿ ಅಲ್ವಾ ಸಾರ್” ಎಂದು ಜಾಣ ನಗು. ಮಕ್ಕಳ ಮೈ ಮುಟ್ಟುವವರ ಬಗೆಗಿನ ಪಾಠ ಇವರಿಗೆ ಫಾರ್ಮ್ಯಾಲಿಟಿ. ಆಫೀಸಿನ ಸ್ಲೈಡಿನಲ್ಲಿ ಕಂಪನಿಯ ಲೋಗೊ ಎರಡು ಪಿಕ್ಸೆಲ್ ಜರುಗಿದರೆ ಅದು ಗಂಭೀರ ವಿಷಯ.

ತಲೆಪೆಟ್ಟಿನ ಪಾಠ ಇನ್ನೊಂದು. 2014ರಲ್ಲಿ ಇದೇ ಕ್ಯಾಲಿಫೋರ್ನಿಯಾದ ಫೆಡರಲ್ ಕೋರ್ಟಿನಲ್ಲಿ ಕೆಲವು ಪೋಷಕರು ಮತ್ತು ಆಟಗಾರರು ಫಿಫಾ ಮೇಲೆ, ಅಮೆರಿಕದ ಸಂಸ್ಥೆಗಳ ಮೇಲೆ ದಾವೆ ಹೂಡಿದರು. 2015ರ ನವೆಂಬರಿನಲ್ಲಿ ರಾಜಿಯಾಯಿತು. ಹತ್ತು ವರ್ಷ ಮತ್ತು ಅದಕ್ಕೂ ಚಿಕ್ಕ ಮಕ್ಕಳು ಚೆಂಡನ್ನು ತಲೆಯಿಂದ ಹೊಡೆಯುವಂತಿಲ್ಲ. ಹೊಡೆದರೆ ಎದುರು ತಂಡಕ್ಕೆ ಫ್ರೀಕಿಕ್. ಹನ್ನೊಂದರಿಂದ ಹದಿಮೂರರವರಿಗೆ ಪ್ರಾಕ್ಟೀಸಿನಲ್ಲಿ ಮಿತಿ. ಇದು ಬುದ್ಧಿವಂತ ನಿಯಮ. ನಾನು ಬೆಂಬಲಿಸುತ್ತೇನೆ.

ಆದರೆ ನಮ್ಮದೇ ಊರಿನ ಹೈಸ್ಕೂಲಿಗೆ ಶುಕ್ರವಾರ ರಾತ್ರಿ ಹೋಗಿ. ಝಗಮಗಿಸುವ ದೀಪದ ಕೆಳಗೆ ಹದಿನಾರರ ಹುಡುಗರು ಹೆಲ್ಮೆಟ್ ಹಾಕಿಕೊಂಡು ಟಗರುಗಳ ಹಾಗೆ ಗುದ್ದಿಕೊಳ್ಳುತ್ತಿರುತ್ತಾರೆ. ಬ್ಯಾಂಡು. ಪಾಪ್‌ಕಾರ್ನ್. ಪ್ರಿನ್ಸಿಪಾಲರೂ ಎದ್ದು ನಿಂತು ಚಪ್ಪಾಳೆ. ಅದು ಅಮೆರಿಕದ ಫುಟ್‌ಬಾಲು. ಆ ಆಟದಲ್ಲಿ ಮಿದುಳಿಗೆ ಬಹುಶಃ ರಜೆ ಇರಬೇಕು.

ನಮ್ಮವರ ಕಾಳಜಿ ಇನ್ನೂ ಒಂದು ಕೈ ಮೇಲು. ಮಿದುಳಿಗೆ ಚೆಂಡು ತಾಗಬಾರದು, ಏಕೆಂದರೆ ಪ್ರಾಕ್ಟೀಸ್ ಮುಗಿದ ಕೂಡಲೇ ಗಣಿತದ ಟ್ಯೂಷನ್ ಇದೆ. ಮಗು ಶಿನ್‌ಗಾರ್ಡ್ ಬಿಚ್ಚದೆ ಹಿಂದಿನ ಸೀಟಿನಲ್ಲಿ ಭಿನ್ನರಾಶಿ ಮಾಡುತ್ತದೆ. ಅದಾದ ಮೇಲೆ ಕರ್ನಾಟಕ ಸಂಗೀತ. ಭಾನುವಾರ ಕನ್ನಡ ಶಾಲೆ. ಈ ಮಗುವಿಗೆ ಆಟ ಬೇಕು ಎಂದು ವೈದ್ಯರು ಹೇಳಿದ್ದರಿಂದ ಆಟವನ್ನೂ ಟೈಮ್‌ಟೇಬಲ್ಲಿಗೆ ಹಾಕಿದ್ದಾರೆ.

ಇಷ್ಟೆಲ್ಲ ಮುಗಿದ ಮೇಲೆ, ಕಟ್ಟಕಡೆಗೆ, ಫುಟ್‌ಬಾಲ್ ಕುರಿತ ಒಂದು ಪಾಠ. ಹೇಳಲೇಬೇಕು, ಇಡೀ ಕಂತೆಯಲ್ಲಿ ಅರ್ಥವಿದ್ದದ್ದು ಇದಕ್ಕೇ. ಮಕ್ಕಳನ್ನು ಬಂದ ತಕ್ಷಣ ಆಡಲು ಬಿಡಿ, ನಡುವೆ ಸ್ವಲ್ಪ ಅಭ್ಯಾಸ ಮಾಡಿಸಿ, ಮತ್ತೆ ಆಡಲು ಬಿಡಿ. ಮೈದಾನ ಸುತ್ತಿಸಬೇಡಿ. ಸಾಲಿನಲ್ಲಿ ನಿಲ್ಲಿಸಬೇಡಿ. ಭಾಷಣ ಹೊಡೆಯಬೇಡಿ. ಏಳೇಳು ಮಂದಿಯ ಪಂದ್ಯ ಏಕೆಂದರೆ ಕಡಿಮೆ ಜನರಿದ್ದಾಗ ಪ್ರತಿ ಮಗುವಿಗೂ ಚೆಂಡು ಹೆಚ್ಚು ಸಲ ಸಿಗುತ್ತದೆ. ಗೋಲಿ ಚೆಂಡು ಹಿಡಿದಾಗ ಎದುರು ತಂಡದವರು ಒಂದು ಗೆರೆಯ ಹಿಂದಕ್ಕೆ ಸರಿಯಬೇಕು, ಏಕೆಂದರೆ ಗೋಲಿ ಅದನ್ನು ಆಕಾಶಕ್ಕೆ ಒದೆಯುವ ಬದಲು ಪಕ್ಕದವನಿಗೆ ಕೊಡುವುದನ್ನು ಕಲಿಯಲಿ. ಎಷ್ಟು ಸರಳ, ಎಷ್ಟು ಸರಿ!

ಇದನ್ನು ಕಲಿಸಿದ್ದು ಹೇಗೆ? ಸಮುದಾಯ ಭವನದಲ್ಲಿ ನಮ್ಮನ್ನು ಸಾಲಾಗಿ ಕೂರಿಸಿ ಭಾಷಣ ಹೊಡೆದರು. ಭಾಷಣ ಕೂಡದು ಎಂಬ ಸ್ಲೈಡಿನ ಮೇಲೇ ಬಹಳ ಹೊತ್ತು ನಿಂತರು. ಪಕ್ಕದಲ್ಲಿದ್ದವರು ನಿದ್ದೆ ಹೋದರು. ಅವರಿಗೂ ಸರ್ಟಿಫಿಕೇಟು ಬಂತು.

ಇನ್ನು ನಮ್ಮ ಕನ್ನಡ ಬಳಗ. ಇವರನ್ನು ಬಿಟ್ಟರೆ ನನಗೆ ಪಾಪ ಬರುತ್ತದೆ.

ನಾವು ಓದಿದ ಶಾಲೆಗಳಲ್ಲಿ ಪಿ.ಟಿ. ಪೀರಿಯಡ್ ಗಣಿತದ ಮೇಷ್ಟ್ರ ಪಿತ್ರಾರ್ಜಿತ ಆಸ್ತಿ. ಪರೀಕ್ಷೆ ಹತ್ತಿರ ಬಂದರೆ ಚೆಂಡು ಬೀರುವಿನೊಳಗೆ, ಬೀಗದ ಕೈ ಹೆಡ್‌ಮೇಷ್ಟ್ರ ಜೇಬಿನಲ್ಲಿ. ಅದನ್ನು ಪ್ರಶ್ನಿಸಿದ ಅಪ್ಪ ಅಮ್ಮಂದಿರು ಎಲ್ಲಾದರೂ ಇದ್ದರೇ? ಆ ಶಾಲೆಗಳಿಂದ ಸೀದಾ ಎಂಜಿನಿಯರಿಂಗ್ ಕಾಲೇಜಿಗೆ, ಅಲ್ಲಿಂದ ಸೀದಾ ಇಲ್ಲಿಗೆ ಬಂದವರು ನಾವು. ಈಗ ಅಂಚುಗೆರೆಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಆಫ್‌ಸೈಡ್ ವಿವರಿಸುತ್ತಿದ್ದೇವೆ. ಏಳು ಜನರ ಪಂದ್ಯದಲ್ಲಿ 4-3-3 ಆಡಿಸಿ ಎಂದು ಸಲಹೆ ಕೊಟ್ಟವರೊಬ್ಬರಿದ್ದಾರೆ. ಕೂಡಿ ನೋಡಿ. ಅವರು ಡೇಟಾ ಸೈಂಟಿಸ್ಟು.

2023ರ ಮಾರ್ಚ್ 4ರಂದು ಕರ್ನಾಟಕ ಫುಟ್‌ಬಾಲಿನ ಸಂತೋಷ್ ಟ್ರೋಫಿ ಗೆದ್ದಿತು. ರಿಯಾದ್‌ನಲ್ಲಿ ಫೈನಲ್, ಮೇಘಾಲಯದ ಎದುರು 3-2. ಹಿಂದೆ ಗೆದ್ದಾಗ ರಾಜ್ಯದ ಹೆಸರು ಇನ್ನೂ ಮೈಸೂರು ಎಂದಿತ್ತು. 54 ವರ್ಷದ ಹಿಂದಿನ ಮಾತು. ನಮ್ಮ ಬಳಗದ ವಾಟ್ಸಾಪ್ ಗುಂಪಿನಲ್ಲಿ ಆ ದಿನ ಒಬ್ಬರೂ ಉಸಿರೆತ್ತಲಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಬಿಸಿಬೇಳೆಬಾತಿನ ಪುಡಿ ಯಾವ ಅಂಗಡಿಯದು ಒಳ್ಳೆಯದೆಂಬ ಚರ್ಚೆ ನಡೆದಿತ್ತು. ಅದೇ ವರ್ಷದ ಬೇಸಿಗೆಯಲ್ಲಿ ಮೆಸ್ಸಿ ಮಯಾಮಿಗೆ ಬಂದ. ಪ್ರತಿ ಮಗುವಿನ ಮೈಮೇಲೂ ಗುಲಾಬಿ ಜೆರ್ಸಿ. ಬೆನ್ನ ಮೇಲೆ ಹತ್ತು.

ನಾನು ಕೋಚ್ ಆಗುವ ಸುದ್ದಿ ಹಬ್ಬಿದ ಮೇಲೆ ಇಂಡಿಯನ್ ಸ್ಟೋರಿನಲ್ಲಿ ಒಬ್ಬರು ಸಿಕ್ಕರು. ಸೋನಾಮಸೂರಿ ಮೂಟೆಯನ್ನು ಗಾಡಿಗೆ ಹಾಕಿ ನನ್ನ ಕಡೆ ತಿರುಗಿದರು.

“ಏನ್ ಸಾರ್, ಕೋಚ್ ಆಗ್ತಿದ್ದೀರಂತೆ? ತುಂಬಾ ಒಳ್ಳೇದಾಯ್ತು ಬಿಡಿ. ನನಗೂ ಆಸೆ, ಟೈಮೇ ಸಿಗಲ್ಲ ನೋಡಿ.”

“ವಾರಕ್ಕೆ ಒಂದು ಗಂಟೆ ಬನ್ನಿ, ಸಹಾಯಕ್ಕೆ ಒಬ್ಬರು ಬೇಕು.”

“ಅಯ್ಯೋ, ನೋಡೋಣ ಸಾರ್, ರಿಲೀಸ್ ಇದೆ. ಅಂದಹಾಗೆ, ನಮ್ಮವನನ್ನ ಸ್ವಲ್ಪ ಮುಂದೆ ಆಡ್ಸಿ. ಡಿಫೆನ್ಸ್‌ಗೆ ಹಾಕಿದ್ರೆ ಅವನ ಕಾನ್ಫಿಡೆನ್ಸ್ ಹೋಗ್ಬಿಡುತ್ತೆ. ಮುಂದೆ ಕಾಲೇಜ್ ಅಪ್ಲಿಕೇಶನ್‌ಗೂ ಬೇಕಲ್ವಾ?”

ಹುಡುಗನಿಗೆ ಒಂಬತ್ತು ವರ್ಷ. ಕಾಲೇಜಿಗೆ ಇನ್ನೂ ಒಂಬತ್ತು ವರ್ಷ. ಸಹಾಯಕ್ಕೆ ಬರಲು ಒಂದು ಗಂಟೆ ಇಲ್ಲದ ಮನುಷ್ಯ ಒಂಬತ್ತು ವರ್ಷದ ಯೋಜನೆ ಹಾಕಿ ಮುಗಿಸಿದ್ದಾರೆ.

ಅವರನ್ನು ಒಬ್ಬರನ್ನೇ ದೂರಿ ಫಲವಿಲ್ಲ. 2019ರಲ್ಲಿ ಹೊರಬಿದ್ದ ಕಾಲೇಜು ಪ್ರವೇಶದ ಹಗರಣ ನೆನಪಿದೆಯಲ್ಲ? ಯೇಲ್ ವಿಶ್ವವಿದ್ಯಾಲಯದ ಹೆಂಗಸರ ಫುಟ್‌ಬಾಲ್ ಕೋಚ್ ಲಂಚ ತಿಂದು, ತನ್ನ ತಂಡಕ್ಕೆ ಆರಿಸಿದ ಆಟಗಾರ್ತಿ ಎಂದು ಸುಳ್ಳು ಹೇಳಿ ಸೀಟು ಕೊಡಿಸಿದ್ದ. ತಪ್ಪೊಪ್ಪಿಕೊಂಡ. ಯು.ಸಿ.ಎಲ್.ಎ. ಗಂಡಸರ ತಂಡದ ಕೋಚ್‌ದೂ ಅದೇ ಕಥೆ. ನನಗೆ ಕೇಳಿದರೆ ಆ ಸಾಹುಕಾರ ಪೋಷಕರೇ ಹೆಚ್ಚು ಪ್ರಾಮಾಣಿಕರು. ಮಗುವನ್ನು ಹತ್ತು ವರ್ಷ ಬಿಸಿಲಲ್ಲಿ ಓಡಿಸಿ, ಆಟದ ಮೇಲೆ ಪ್ರೀತಿ ಎಂದು ನಾಟಕ ಆಡುವ ಗೋಜಿಗೇ ಹೋಗಲಿಲ್ಲ. ದುಡ್ಡನ್ನು ನೇರ ಕೋಚ್‌ಗೇ ಕೊಟ್ಟರು.

ಲೀಗಿನ ಕೈಪಿಡಿಯಲ್ಲಿ ಇನ್ನೊಂದು ಮುತ್ತು. ಈ ವಯಸ್ಸಿನವರ ಪಂದ್ಯದಲ್ಲಿ ಸ್ಕೋರು ಬರೆದಿಡುವುದಿಲ್ಲ, ಅಂಕಪಟ್ಟಿ ಇಲ್ಲ. ಗೆಲುವು ಸೋಲು ಮುಖ್ಯವಲ್ಲ, ಸಂತೋಷ ಮುಖ್ಯ. ಪಂದ್ಯ ಮುಗಿದ ಮೇಲೆ ಯಾವ ಅಪ್ಪನನ್ನಾದರೂ ಕೇಳಿ. ಸ್ಕೋರು ಹೇಳುತ್ತಾನೆ. ಯಾವ ನಿಮಿಷದಲ್ಲಿ ಯಾರ ತಪ್ಪಿನಿಂದ ಗೋಲು ಬಿತ್ತು ಎಂದೂ ಹೇಳುತ್ತಾನೆ. ಸಮಾಧಾನ ಆಗದಿದ್ದರೆ ವೀಡಿಯೊ ತೋರಿಸುತ್ತಾನೆ. ಮಕ್ಕಳಿಗೆ ಮಾತ್ರ ಪಾರ್ಕಿಂಗಿಗೆ ಬರುವಷ್ಟರಲ್ಲಿ ಮರೆತಿರುತ್ತದೆ. ಅವರ ಬಾಯಲ್ಲಿ ಡೋನಟ್ಟಿದೆ.

ಈ ದೇಶದ ಕೆಲವು ಲೀಗುಗಳು ‘ಮೌನ ಶನಿವಾರ’ ಆಚರಿಸುತ್ತವೆ. ಆ ದಿನ ಪೋಷಕರು ಕೂಗುವಂತಿಲ್ಲ. ಬಾಯಿ ಕಟ್ಟಲು ಲಾಲಿಪಾಪ್ ಹಂಚುತ್ತಾರೆ. ಮಕ್ಕಳಿಗಲ್ಲ, ದೊಡ್ಡವರಿಗೆ. ಅಡಮಾನ ಸಾಲ ತೀರಿಸುವ, ಓಟು ಹಾಕುವ, ಕಂಪನಿ ನಡೆಸುವ ದೊಡ್ಡವರಿಗೆ.

ರೆಫ್ರಿಗಳ ಪಾಡು ಇನ್ನೂ ಚೆಂದ. ನಮ್ಮ ಲೀಗಿನಲ್ಲಿ ಸೀಟಿ ಊದುವವರು ಹೆಚ್ಚಾಗಿ ಹದಿಮೂರು, ಹದಿನಾಲ್ಕರ ಹುಡುಗ ಹುಡುಗಿಯರು. ಪಾಕೆಟ್ ಮನಿಗೆ ಬರುತ್ತಾರೆ. ಥ್ರೋ ಯಾರದೆಂಬ ಜಗಳಕ್ಕೆ ನಲವತ್ತೈದರ ಗಂಡಸು ಎದ್ದು ಹೋಗಿ ಅವರಲ್ಲೊಬ್ಬ ಹುಡುಗಿಯ ಮುಖಕ್ಕೆ ಮುಖ ಕೊಟ್ಟು ಕಿರುಚಿದ್ದನ್ನು ನೋಡಿದ್ದೇನೆ. ಅವಳ ಕೈಯಲ್ಲಿದ್ದ ಬಾವುಟ ನಡುಗುತ್ತಿತ್ತು. ಆತ ತಿರುಗಿ ಬಂದು ಕುರ್ಚಿಯಲ್ಲಿ ಕುಳಿತು ಹೇಳಿದ ಮಾತು: ಈ ಮಕ್ಕಳಿಗೆ ಶಿಸ್ತೇ ಇಲ್ಲ. 2025ರಲ್ಲಿ ಅಮೆರಿಕದ ಫುಟ್‌ಬಾಲ್ ಸಂಸ್ಥೆ ರೆಫ್ರಿಗಳನ್ನು ನಿಂದಿಸುವವರಿಗೆ, ಹೊಡೆಯುವವರಿಗೆ ಎಂದೇ ಶಿಕ್ಷೆಯ ಪಟ್ಟಿ ಹೊರಡಿಸಬೇಕಾಯಿತು. ಯಾವ ತಪ್ಪಿಗೆ ಎಷ್ಟು ಪಂದ್ಯ, ಎಷ್ಟು ವರ್ಷ ಹೊರಗೆ ಎಂಬ ದರಪಟ್ಟಿ. ಬೆರಳಚ್ಚು ಕೋಚ್‌ಗೆ ಮಾತ್ರ ಏಕೆ? ಮಡಚುವ ಕುರ್ಚಿ ತರುವ ಪ್ರತಿಯೊಬ್ಬರದೂ ತೆಗೆದುಕೊಳ್ಳಿ.

ಮೈದಾನದ ವಿಷಯ ಎತ್ತದಿದ್ದರೆ ಲೆಕ್ಕ ಪೂರ್ತಿಯಾಗದು. ನನಗೆ ಸಿಕ್ಕಿರುವುದು ಕಾಲು ಮೈದಾನ. ಸಂಜೆ ಐದೂವರೆಯಿಂದ ಆರೂವರೆ. ಉಳಿದ ಮುಕ್ಕಾಲಿನಲ್ಲಿ ಇನ್ನೂ ಮೂರು ತಂಡ. ಜಾಗ ಇಲ್ಲ ಎಂದು ನಗರಸಭೆ ಕೈ ಚೆಲ್ಲುತ್ತದೆ. ಜಾಗ ಯಾರಿಗೆ ಇದೆ ಎಂದು ನೋಡಬೇಕಾದರೆ ಸಾಂಟಾ ಕ್ಲಾರಾದ ಲೀವೈಸ್ ಕ್ರೀಡಾಂಗಣದ ಪಕ್ಕಕ್ಕೆ ಬನ್ನಿ. ಅಲ್ಲೊಂದು ಯೂತ್ ಸಾಕರ್ ಪಾರ್ಕ್ ಇದೆ. ಮಕ್ಕಳಿಗೆಂದೇ ಮಾಡಿದ್ದು. 2015ರಲ್ಲಿ ಆ ಕ್ರೀಡಾಂಗಣದಲ್ಲಿ ಅಮೆರಿಕದ ಫುಟ್‌ಬಾಲು ಆಡುವ ಫೋರ್ಟಿನೈನರ್ಸ್ ತಂಡದವರು ಅದನ್ನು ಗುತ್ತಿಗೆಗೆ ಕೇಳಿದರು. ಒಂದೂವರೆ ಕೋಟಿ ಡಾಲರ್ ಕೊಡುತ್ತೇವೆ ಎಂದರು. ಏತಕ್ಕೆ? ಕಾರು ನಿಲ್ಲಿಸಲು. ಗಲಾಟೆಯಾಗಿ ಅದು ನಿಂತಿತು. 2016ರಲ್ಲಿ ಅದೇ ಆಟದ ಫೈನಲ್ ಸೂಪರ್ ಬೌಲ್ ಬಂದಾಗ ಅದೇ ಮೈದಾನವನ್ನು ಮಾಧ್ಯಮದವರ ಡೇರೆಗಳಿಗೆ ಬಿಟ್ಟುಕೊಟ್ಟರು. ಮಕ್ಕಳ ಲೀಗಿನವರು ಕೋರ್ಟಿಗೆ ಹೋದರು. ಡೇರೆ ಎದ್ದೇ ಎದ್ದಿತು.

2026ರ ವಿಶ್ವಕಪ್ಪಿನ ಆರು ಪಂದ್ಯಗಳನ್ನು ಆ ಕ್ರೀಡಾಂಗಣಕ್ಕೇ ಹಂಚಿದ್ದಾರೆ. ಮುಂದಿನ ಪೀಳಿಗೆಗೆ ಸ್ಫೂರ್ತಿ ಸಿಗುತ್ತದೆ ಎಂದು ದೊಡ್ಡವರು ಮೈಕಿನಲ್ಲಿ ಹೇಳುತ್ತಾರೆ. ಮುಂದಿನ ಪೀಳಿಗೆಗೆ ಕಾಲು ಮೈದಾನ ಸಿಕ್ಕಿದೆ, ಒಂದು ಗಂಟೆಗೆ.

ಇರಲಿ. ನನ್ನ ತಯಾರಿ ಮುಗಿದಿದೆ. ನಾಲ್ಕನೇ ಸೈಜಿನ ಚೆಂಡುಗಳು ಬಂದಿವೆ. ಕೋನುಗಳು, ಎರಡು ಬಣ್ಣದ ಬಿಬ್ಬುಗಳು, ಐಸ್ ಪ್ಯಾಕು. ಗ್ಯಾರೇಜಿನಲ್ಲಿ ಚೆಂಡುಗಳಿಗೆ ಮಗನೇ ಗಾಳಿ ಹೊಡೆದ. ಯಾವ ಸರ್ಟಿಫಿಕೇಟೂ ಇಲ್ಲದೆ ಚೆನ್ನಾಗಿಯೇ ಹೊಡೆದ.

ನಿನ್ನೆ ರಾತ್ರಿ ಪೋಷಕರೆಲ್ಲರಿಗೂ ಒಂದು ಮೆಸೇಜು ಹಾಕಿದೆ. ನಯ ನಾಜೂಕು ಬದಿಗಿಟ್ಟು ಬರೆದೆ. ಮಕ್ಕಳು ಐದೂವರೆಗೆ ಬಂದಿರಬೇಕು, ಆರೂವರೆಗೆ ಕಾರು ಗೇಟಿನಲ್ಲಿರಬೇಕು. ಪ್ರತಿ ಪ್ರಾಕ್ಟೀಸಿಗೂ ಒಬ್ಬ ಅಪ್ಪ ಅಥವಾ ಅಮ್ಮ ಮೈದಾನದೊಳಗೆ ಇರಬೇಕು, ಕಾರಿನೊಳಗಲ್ಲ. ಅವರೂ ತರಬೇತಿ ಮುಗಿಸಿ ಬೆರಳೊತ್ತಿ ಬರಬೇಕು, ವಿಳಾಸ ಕೆಳಗಿದೆ. ಪಂದ್ಯದ ದಿನ ಅಂಚುಗೆರೆಯಿಂದ ಮೂರು ಹೆಜ್ಜೆ ಹಿಂದೆ ಕುರ್ಚಿ. ‘ಒದಿ’, ‘ಶೂಟ್’, ‘ಅಲ್ಲಲ್ಲ ಆ ಕಡೆ’ ಎಂದು ಯಾರೂ ಕೂಗಕೂಡದು. ರೆಫ್ರಿ ಹತ್ತಿರ ಹೋಗಕೂಡದು. ಎಲ್ಲ ಮಕ್ಕಳೂ ಎಲ್ಲ ಜಾಗದಲ್ಲೂ ಆಡುತ್ತಾರೆ, ಗೋಲಿಯಾಗಿ ಕೂಡ. ಇದರ ಬಗ್ಗೆ ಚರ್ಚೆ ಇಲ್ಲ.

ಹೆಬ್ಬೆರಳಿನ ಗುರುತುಗಳು ಸಾಲಾಗಿ ಬಂದವು. ಬೆರಳೊತ್ತುವುದೆಂದರೆ ಇದೇ ಎಂದುಕೊಂಡರೋ ಏನೋ. ಸಹಾಯಕ್ಕೆ ಬರುತ್ತೇನೆ ಎಂದು ಒಬ್ಬರೂ ಬರೆಯಲಿಲ್ಲ. ಹನ್ನೊಂದು ಗಂಟೆಯ ಹೊತ್ತಿಗೆ ಸೋನಾಮಸೂರಿ ಮಹಾಶಯರ ಉತ್ತರ ಬಂತು, ನನಗೊಬ್ಬನಿಗೇ.

“ತುಂಬಾ ಚೆನ್ನಾಗಿ ಬರ್ದಿದ್ದೀರ ಸಾರ್, ಎಲ್ಲಾ ಓದ್ದೆ. ನಮ್ಮವನ್ದು ಯಾವ ಪೊಸಿಷನ್?”